ಎಂಜಿನ್ ಒಂದೇ, ಸ್ವಭಾವ ಎರಡು: ಚೆರ್ಕಳ–ಜಾಲ್ಸೂರು ರಸ್ತೆಯಲ್ಲಿ ಆಕ್ಟೇವಿಯಾ ಆರ್‌ಎಸ್ ಮತ್ತು ಔಡಿ ಟಿಟಿ

ದೀಪಾವಳಿಯ ಹಿಂದುಮುಂದಿನ ನಾಲ್ಕು ದಿನ ನಮ್ಮ ಮನೆಯ ಅಂಗಳದಲ್ಲಿ ಅಡಿಕೆ ಹರವುವುದಕ್ಕೆ ಜಾಗವಿರಲಿಲ್ಲ. ಒಂದು ಬದಿಯಲ್ಲಿ ನನ್ನ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 245 ನಿಂತಿತ್ತು; ಇನ್ನೊಂದು ಬದಿಯಲ್ಲಿ, ಸೋದರಮಾವನ ಮಗ ಬೆಂಗಳೂರಿನಿಂದ ಕೊಂಡು ತಂದು ಕಾಸರಗೋಡಿನ ಕೆಎಲ್ 14ರ ನಂಬರು ಹಾಕಿಸಿಕೊಂಡ ಔಡಿ ಟಿಟಿ. ಭಾವನಿಗೆ ಆ ದಿನಗಳಲ್ಲಿ ಊರಿನಿಂದ ಹೊರಗೆ ಕೆಲಸವಿತ್ತು. ಕಾರನ್ನು ತೋಟದ ಮನೆಯ ಮಾಡಿನಡಿಯಲ್ಲಿ ಒಂಟಿಯಾಗಿ ಬಿಟ್ಟುಹೋಗುವ ಬದಲು ಕೀಲಿಕೈಯನ್ನು ನನ್ನ ಕೈಯಲ್ಲಿಟ್ಟು, ದಿನಕ್ಕೊಮ್ಮೆಯಾದರೂ ಓಡಿಸಬೇಕೆಂದು ಹೇಳಿ ಹೋದ. ಓಡಿಸಬೇಕೆಂದು ಹೇಳಿಸಿಕೊಳ್ಳುವ ಅಗತ್ಯ ನನಗಿರಲಿಲ್ಲ. ಎರಡೂ ಕಾರುಗಳನ್ನು ಒಂದೇ ರಸ್ತೆಯಲ್ಲಿ, ಒಂದೇ ಹವೆಯಲ್ಲಿ, ಒಂದರ ಹಿಂದೆ ಒಂದರಂತೆ ಓಡಿಸಿ ನೋಡುವ ಅವಕಾಶ ನಮ್ಮಂಥವರಿಗೆ ಪದೇಪದೇ ಸಿಗುವುದಿಲ್ಲವಾದ್ದರಿಂದ, ಕಂಡದ್ದನ್ನು ಬರೆದಿಡುತ್ತಿದ್ದೇನೆ.

ಈ ಎರಡು ಕಾರುಗಳನ್ನು ಹೋಲಿಸುವುದರಲ್ಲಿ ವಿಶೇಷ ಸ್ವಾರಸ್ಯವಿರುವುದು ಅವುಗಳ ಹೊರಗಿನ ರೂಪದಲ್ಲಿ ಅಲ್ಲ, ಒಳಗಿನ ಸಂಬಂಧದಲ್ಲಿ. ಎರಡೂ ಫೋಕ್ಸ್‌ವ್ಯಾಗನ್ ಸಮೂಹದ ಎಂಕ್ಯೂಬಿ ಎಂಬ ಒಂದೇ ತಳಹದಿಯ ಮೇಲೆ ಕಟ್ಟಲ್ಪಟ್ಟವು. ಎರಡರ ಮೂತಿಯೊಳಗೂ ಅಡ್ಡಲಾಗಿ ಕೂತಿರುವುದು ಇಎ888 ಕುಟುಂಬದ ಎರಡು ಲೀಟರಿನ, ನಾಲ್ಕು ಸಿಲಿಂಡರಿನ ಟರ್ಬೊ ಪೆಟ್ರೋಲ್ ಎಂಜಿನ್. ಆಕ್ಟೇವಿಯಾದಲ್ಲಿ ಅದು 245 ಅಶ್ವಶಕ್ತಿಯನ್ನೂ ಟಿಟಿಯಲ್ಲಿ 230 ಅಶ್ವಶಕ್ತಿಯನ್ನೂ ಕೊಡುತ್ತದೆ. ಆದರೆ ತಿರುಚುಬಲ (ಟಾರ್ಕ್) ಎರಡರಲ್ಲೂ ಅಷ್ಟಕ್ಕಷ್ಟೇ, 370 ನ್ಯೂಟನ್ ಮೀಟರ್, ಅದೂ 1,600ರಿಂದ 4,300 ಆರ್‌ಪಿಎಂವರೆಗೆ ಒಂದೇ ಸಮನಾಗಿ. ಎರಡರಲ್ಲೂ ಎಣ್ಣೆಯಲ್ಲಿ ಮುಳುಗಿದ ಜೋಡಿ ಕ್ಲಚ್ಚಿನ ಗೇರ್‌ಬಾಕ್ಸ್. ಸ್ಕೋಡಾದಲ್ಲಿ ಏಳು ಗೇರು, ಔಡಿಯಲ್ಲಿ ಆರು. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್, ಹಿಂದೆ ಹಲವು ತೋಳುಗಳ ಸಸ್ಪೆನ್ಶನ್ ಎಂಬುದೂ ಎರಡಕ್ಕೂ ಸಮಾನ. ಒಂದೇ ತಾಯಿಯ ಮಕ್ಕಳು ಎಂದರೆ ತಪ್ಪಾಗದು. ಒಬ್ಬನು ಸಂಸಾರಸ್ಥ, ಇನ್ನೊಬ್ಬನು ಮದುವೆಯ ಮಾತೆತ್ತಿದರೆ ಎದ್ದುಹೋಗುವವನು.

ಹೀಗಿದ್ದೂ, ನಿಂತಲ್ಲಿಂದ ಗಂಟೆಗೆ ನೂರು ಕಿಲೋಮೀಟರ್ ವೇಗ ಮುಟ್ಟಲು ಆಕ್ಟೇವಿಯಾಗೆ 6.6 ಸೆಕೆಂಡು ಬೇಕೆಂದೂ ಟಿಟಿಗೆ 5.3 ಸೆಕೆಂಡು ಸಾಕೆಂದೂ ಕಂಪೆನಿಗಳೇ ಹೇಳುತ್ತವೆ. ಹದಿನೈದು ಅಶ್ವಶಕ್ತಿ ಕಡಿಮೆಯಿರುವ ಕಾರು ಒಂದು ಸೆಕೆಂಡಿಗೂ ಹೆಚ್ಚು ಮುಂದೆ ಹೋಗುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಎಂಜಿನ್ನಿನಲ್ಲಿ ಇಲ್ಲ, ಚಕ್ರಗಳಲ್ಲಿದೆ. ಆಕ್ಟೇವಿಯಾ ತನ್ನ ಬಲವನ್ನೆಲ್ಲ ಮುಂದಿನ ಎರಡು ಚಕ್ರಗಳ ಮೂಲಕವೇ ನೆಲಕ್ಕೆ ಇಳಿಸಬೇಕು. ವೇಗ ಹಿಡಿಯುವಾಗ ಯಾವ ಕಾರಿನ ಭಾರವೂ ಹಿಂದಕ್ಕೆ ಸರಿದು ಮುಂದಿನ ಚಕ್ರಗಳು ಹಗುರಾಗುತ್ತವೆ. ಅಂದರೆ ಹಿಡಿತ ಬೇಕಾದ ಹೊತ್ತಿಗೇ ಹಿಡಿತ ಕಡಿಮೆಯಾಗುತ್ತದೆ. ನಾಲ್ಕು ಚಕ್ರಗಳಿಗೂ ಬಲ ಕೊಡುವ ಟಿಟಿಯ ಕ್ವಾಟ್ರೊ ವ್ಯವಸ್ಥೆಯಲ್ಲಿ ಹಿಂದಿನ ಅಚ್ಚಿನ ಬಳಿ ವಿದ್ಯುತ್ ನಿಯಂತ್ರಣದ ಒಂದು ಕ್ಲಚ್ಚು ಇದ್ದು, ಮುಂದಿನ ಚಕ್ರಗಳು ಜಾರುವ ಮೊದಲೇ ಬಲದ ಒಂದು ಪಾಲನ್ನು ಹಿಂದಕ್ಕೆ ಕಳುಹಿಸಿಬಿಡುತ್ತದೆ. ಈ ಒಂದು ವ್ಯತ್ಯಾಸವನ್ನು ಕಾಗದದ ಮೇಲೆ ಓದಿ ತಿಳಿದುಕೊಂಡಿದ್ದರೂ, ಅದು ಕೈಗೂ ಸೊಂಟಕ್ಕೂ ಹೇಗೆ ತಿಳಿಯುತ್ತದೆ ಎಂಬುದು ಆದೂರು ದಾಟಿದ ಮೇಲಿನ ಚಡವುಗಳಲ್ಲಿ, ಅಂದರೆ ಏರುದಾರಿಗಳಲ್ಲಿ, ಮಾತ್ರ ನನಗೆ ಅರ್ಥವಾಯಿತು.

ಅಲ್ಲಿಗೆ ಹೋಗುವ ಮೊದಲು ಹಿನ್ನೆಲೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಭಾರತಕ್ಕೆ ಮೊದಲ ಆಕ್ಟೇವಿಯಾ ಆರ್‌ಎಸ್ ಬಂದದ್ದು 2004ರಲ್ಲಿ, 1.8 ಲೀಟರಿನ ಟರ್ಬೊ ಎಂಜಿನ್ನಿನೊಂದಿಗೆ. ನಡುವೆ ಲಾರಾ ಆರ್‌ಎಸ್ ಎಂಬುದೊಂದು ಬಂತು. 2017ರಲ್ಲಿ 230 ಅಶ್ವಶಕ್ತಿಯದು, 2020ರಲ್ಲಿ ಈ 245. ಈ 245ನ್ನು ಹೊರದೇಶದಿಂದ ಪೂರ್ತಿ ಸಿದ್ಧವಾಗಿ ತರಿಸಿ, 200 ಕಾರುಗಳನ್ನು ಮಾತ್ರ, 35.99 ಲಕ್ಷ ರೂಪಾಯಿಯ ಷೋರೂಮ್ ಬೆಲೆಗೆ ಮಾರಿದರು. ಟಿಟಿಯ ಚರಿತ್ರೆ 1998ರಿಂದ ಆರಂಭವಾಗಿ, ಮೂರು ತಲೆಮಾರು ಕಂಡು, 2023ರಲ್ಲಿ ಹಂಗೆರಿಯ ಗ್ಯೋರ್ ಕಾರ್ಖಾನೆಯಲ್ಲಿ ಮುಗಿಯಿತು. ಭಾವನದು ಮೂರನೆಯ ತಲೆಮಾರಿನದು. ಅದು 2015ರಲ್ಲಿ ನಮ್ಮ ದೇಶಕ್ಕೆ ಬಂದಾಗ 60 ಲಕ್ಷ ರೂಪಾಯಿ ದಾಟಿತ್ತು. ಈಗ ಎರಡೂ ಹಳೆಯ ಕಾರುಗಳ ಪೇಟೆಯಲ್ಲಿ ಮಾತ್ರ ಸಿಗುವಂಥವು, ಮತ್ತು ಅಲ್ಲಿ ಅವುಗಳ ನಡುವಿನ ಅಂತರ ಬಹಳ ಕುಗ್ಗಿದೆ: ನಾನು ಕೊಟ್ಟದ್ದಕ್ಕೂ ಭಾವ ಕೊಟ್ಟದ್ದಕ್ಕೂ ಇದ್ದ ವ್ಯತ್ಯಾಸದಲ್ಲಿ ಹೆಚ್ಚೆಂದರೆ ಒಂದು ಒಳ್ಳೆಯ ಸ್ಕೂಟರು ಬಂದೀತು. ಆದ್ದರಿಂದಲೇ ಈ ಎರಡನ್ನು ಒಂದೇ ತಕ್ಕಡಿಯಲ್ಲಿಡುವುದು ಅಸಂಗತವಲ್ಲ ಎಂದು ನನಗನ್ನಿಸಿದೆ.

ಟಿಟಿಯೊಳಗೆ ಹೋಗುವುದೇ ಒಂದು ಅಭ್ಯಾಸ. ಬಾಗಿಲು ಉದ್ದವಾದುದರಿಂದ ಪಕ್ಕದಲ್ಲಿ ಗೋಡೆಯಿದ್ದರೆ ಪೂರ್ತಿ ತೆರೆಯಲಾಗದು; ಮೊದಲು ಬೆನ್ನನ್ನು ಬಗ್ಗಿಸಿ, ಸೊಂಟವನ್ನು ಆಸನಕ್ಕೆ ಒಪ್ಪಿಸಿ, ಆಮೇಲೆ ಕಾಲುಗಳನ್ನು ಒಂದೊಂದಾಗಿ ಎಳೆದುಕೊಳ್ಳಬೇಕು. ಕಾರಿನ ಎತ್ತರ 1,353 ಮಿಲಿಮೀಟರ್ ಮಾತ್ರ, ಆಕ್ಟೇವಿಯಾಗಿಂತ ಸುಮಾರು ಹತ್ತು ಸೆಂಟಿಮೀಟರ್ ತಗ್ಗು. ಒಮ್ಮೆ ಕುಳಿತ ಮೇಲೆ ಮಾತ್ರ ಎಲ್ಲವೂ ಕೈಗೆಟಕುವಷ್ಟು ಹತ್ತಿರದಲ್ಲಿದೆ. ನಡುವಿನಲ್ಲಿ ಬೇರೆ ಪರದೆಯೇ ಇಲ್ಲ. ನಕ್ಷೆಯಿಂದ ಹಾಡಿನವರೆಗೆ ಎಲ್ಲವೂ ಸ್ಟಿಯರಿಂಗಿನ ಹಿಂದಿರುವ 12.3 ಇಂಚಿನ ಫಲಕದಲ್ಲಿ ಮೂಡುತ್ತದೆ, ಪಕ್ಕದಲ್ಲಿ ಕುಳಿತವರಿಗೆ ಕಾಣುವುದು ಏನೂ ಇಲ್ಲ. ಎಸಿಯ ಗುಂಡಿಗಳನ್ನು ಹುಡುಕುತ್ತ ನಾನು ಒಂದು ನಿಮಿಷ ಕಳೆದೆ. ಗಾಳಿ ಬರುವ ದುಂಡನೆಯ ಬಾಯಿಗಳ ನಟ್ಟನಡುವೆಯೇ ಅವು ಇವೆ. ಒಂದನ್ನು ತಿರುಗಿಸಿದರೆ ತಂಪು ಹೆಚ್ಚುತ್ತದೆ, ಇನ್ನೊಂದನ್ನು ತಿರುಗಿಸಿದರೆ ಗಾಳಿ, ಮತ್ತು ತಿರುಗಿಸಿದ್ದರ ಅಂಕೆ ಆ ಗುಂಡಿಯ ಮುಖದ ಮೇಲೆಯೇ ಸಣ್ಣದಾಗಿ ಹೊಳೆಯುತ್ತದೆ. ಇಷ್ಟು ಜಾಣತನದ, ಇಷ್ಟು ಸರಳವಾದ ವ್ಯವಸ್ಥೆಯನ್ನು ನಾನು ಬೇರಾವ ಕಾರಿನಲ್ಲೂ ನೋಡಿಲ್ಲ. ಆಕ್ಟೇವಿಯಾದ ಒಳಗು ಇದರ ಮುಂದೆ ಸರಕಾರಿ ಕಚೇರಿಯಂತೆ ಕಾಣುತ್ತದೆ. ಎಲ್ಲವೂ ಇದೆ, ಎಲ್ಲವೂ ಇರಬೇಕಾದಲ್ಲಿದೆ, ಕಣ್ಣು ಎಲ್ಲಿಯೂ ನಿಲ್ಲುವುದಿಲ್ಲ. ತಲೆಯಾಸರೆ ಬೆನ್ನಿನೊಂದಿಗೆ ಒಂದಾಗಿರುವ ಅದರ ಆಸನಗಳನ್ನು ಮಾತ್ರ ಹೊಗಳಲೇಬೇಕು. ಮೂರು ಗಂಟೆ ಕುಳಿತರೂ ನನ್ನ ಹಳೆಯ ಸೊಂಟನೋವು ಸುದ್ದಿಗೆ ಬರುವುದಿಲ್ಲ.

ಈಗ ರಸ್ತೆಗೆ ಬರೋಣ. ಚೆರ್ಕಳದಲ್ಲಿ ಹೆದ್ದಾರಿ ಬಿಟ್ಟು, ಬೋವಿಕ್ಕಾನ, ಮುಳ್ಳೇರಿಯ, ಆದೂರು, ಕೊಟ್ಯಾಡಿಗಳ ಮೂಲಕ ಕರ್ನಾಟಕದ ಗಡಿ ದಾಟಿ ಜಾಲ್ಸೂರಿನಲ್ಲಿ ಸುಳ್ಯದ ರಸ್ತೆಯನ್ನು ಕೂಡುವ ಈ ದಾರಿಯನ್ನು ನಾನು ಚಿಕ್ಕಂದಿನಿಂದ ಬಲ್ಲೆ. ಒಂದು ಕಡೆ ಕೆಂಪುಕಲ್ಲಿನ ದರೆ, ಇನ್ನೊಂದು ಕಡೆ ಅಡಿಕೆ ತೋಟದ ಇಳುಕಲು, ನಡುವೆ ರಬ್ಬರಿನ ನೆರಳು. ನೇರವಾದ ದಾರಿ ಎಂಬುದು ಅಪರೂಪ. ಎದುರಿನಿಂದ ಬರುವ ಖಾಸಗಿ ಬಸ್ಸು ತನ್ನ ಅರ್ಧ ರಸ್ತೆಯಲ್ಲಿಯೇ ಇರುತ್ತದೆ ಎಂಬ ನಂಬಿಕೆಯನ್ನು ಇಟ್ಟುಕೊಳ್ಳಬಾರದು. ಆದ್ದರಿಂದ ಕಾರು ಎಷ್ಟು ಬೇಗ ಓಡುತ್ತದೆ ಎಂಬುದಕ್ಕಿಂತ, ಮಾಡಿದ ನಿರ್ಧಾರವನ್ನು ಎಷ್ಟು ಬೇಗ ಬದಲಾಯಿಸಿಕೊಳ್ಳಬಲ್ಲದು ಎಂಬುದು ಇಲ್ಲಿ ಮುಖ್ಯ.

ಮೊದಲ ದಿನ ಬೆಳಗ್ಗೆ ಆರೂವರೆಗೆ, ಬಸ್ಸುಗಳ ಮತ್ತು ಶಾಲಾ ವಾಹನಗಳ ಸಂಚಾರ ಹೆಚ್ಚುವ ಮೊದಲು, ಆಕ್ಟೇವಿಯಾವನ್ನು ತೆಗೆದುಕೊಂಡು ಹೋದೆ. ನನ್ನದೇ ಕಾರಾದರೂ ಹೋಲಿಕೆಯ ದೃಷ್ಟಿಯಿಂದ ಓಡಿಸಿದಾಗ ಅದರಲ್ಲಿ ಹೊಸದಾಗಿ ಕಂಡ ಗುಣ ಅದರ ತಾಳ್ಮೆ. ರಸ್ತೆಯ ಅಂಚು ಕುಸಿದು ತೇಪೆ ಹಾಕಿದ ಜಾಗಗಳಲ್ಲಿ ಮುಂದಿನ ಚಕ್ರ ಏನನ್ನು ಕಂಡಿತೋ ಅದನ್ನು ಸ್ಟಿಯರಿಂಗಿಗೆ ಹೇಳುತ್ತದೆ, ಆದರೆ ಗಾಬರಿಪಡಿಸುವುದಿಲ್ಲ. ಎರಡು ಅಚ್ಚುಗಳ ನಡುವಿನ ಅಂತರ ಸುಮಾರು 2,680 ಮಿಲಿಮೀಟರ್ ಇರುವ ಈ ಉದ್ದನೆಯ ಕಾರು, ಉಬ್ಬನ್ನು ಹತ್ತಿ ಇಳಿಯುವುದನ್ನು ಒಂದೇ ಉಸಿರಿನಲ್ಲಿ ಮುಗಿಸುತ್ತದೆ. ತಿರುವಿನ ಮೊದಲು ಬ್ರೇಕು ಒತ್ತಿ, ಮೂತಿ ಸ್ವಲ್ಪ ತಗ್ಗಿ, ಸ್ಟಿಯರಿಂಗನ್ನು ತಿರುಗಿಸಿದಾಗ ಮೊದಲು ಮುಂಭಾಗ ತಿರುಗುತ್ತದೆ; ಕಣ್ಣಿಗೆ ಕಾಣದಷ್ಟು ಸಣ್ಣ ಅಂತರದ ಬಳಿಕ ಹಿಂಭಾಗ ಅದನ್ನು ಹಿಂಬಾಲಿಸುತ್ತದೆ. ಈ ಸಣ್ಣ ಅಂತರವೇ ಅದರ ಸ್ವಭಾವ. ಯೋಚಿಸುವುದಕ್ಕೆ ಅದು ಚಾಲಕನಿಗೆ ಸಮಯ ಕೊಡುತ್ತದೆ, ಅಥವಾ ಇನ್ನೊಂದು ರೀತಿಯಲ್ಲಿ ಹೇಳುವುದಾದರೆ, ತಾನು ಯೋಚಿಸುವುದಕ್ಕೆ ಸಮಯ ತೆಗೆದುಕೊಳ್ಳುತ್ತದೆ.

ಕಷ್ಟ ಬರುವುದು ತಿರುವಿನಿಂದ ಹೊರಬರುವಾಗ, ಅದೂ ಏರಿನಲ್ಲಿ. ಆದೂರು ದಾಟಿದ ಮೇಲೆ ಎಡಕ್ಕೆ ತಿರುಗುತ್ತ ಏರುವ ಒಂದು ಚಡವಿನಲ್ಲಿ ರಬ್ಬರಿನ ಎಲೆಗಳು ಉದುರಿ, ಇಬ್ಬನಿಗೆ ಒದ್ದೆಯಾಗಿ, ರಸ್ತೆಯ ಒಳಬದಿಗೆ ಅಂಟಿಕೊಂಡಿದ್ದವು. ಎರಡನೆಯ ಗೇರಿನಲ್ಲಿ ಆಕ್ಸಿಲರೇಟರನ್ನು ತುಸು ಬೇಗ ಒತ್ತಿದೆನೋ ಇಲ್ಲವೋ, ಒಳಗಿನ ಚಕ್ರ ಒಂದು ಕ್ಷಣ ಕೆರೆಯಿತು, ಸ್ಟಿಯರಿಂಗು ಕೈಯಲ್ಲಿ ಎಳೆದಂತಾಯಿತು, ಮೂತಿ ಹೊರಗಿನ ಬದಿಗೆ ಸರಿಯಲು ನೋಡಿತು. ಅಷ್ಟರಲ್ಲಿ ಮುಂದಿನ ಅಚ್ಚಿನಲ್ಲಿರುವ ವಿಎಕ್ಯೂ ಎಂಬ ವಿದ್ಯುತ್ ನಿಯಂತ್ರಿತ ಡಿಫರೆನ್ಶಿಯಲ್ ಬಲವನ್ನು ಹೊರಗಿನ ಚಕ್ರಕ್ಕೆ ದಾಟಿಸಿದ್ದರಿಂದ ಕಾರು ತಿರುವಿನೊಳಗೆ ಮರಳಿತು. ಈ ಡಿಫರೆನ್ಶಿಯಲ್ ಮಾಡುವ ಕೆಲಸವನ್ನು ನಾನು ಮೆಚ್ಚುತ್ತೇನೆ. ಹಿಂದೆ ಓಡಿಸಿದ್ದ ಸಾಮಾನ್ಯ ಆಕ್ಟೇವಿಯಾ ಅದೇ ಜಾಗದಲ್ಲಿ ಎಂಜಿನ್ನಿನ ಉಸಿರನ್ನೇ ಕಟ್ಟಿ ನನ್ನನ್ನು ಶಿಕ್ಷಿಸುತ್ತಿತ್ತು. ಆದರೆ ಮೆಚ್ಚುಗೆಯ ಜೊತೆಗೆ ಒಂದು ಮಾತನ್ನೂ ಹೇಳಬೇಕು: ಅದು ತಪ್ಪನ್ನು ತಿದ್ದುತ್ತದೆ, ತಪ್ಪು ಆಗದಂತೆ ನೋಡಿಕೊಳ್ಳುವುದಿಲ್ಲ.

ಮನೆಗೆ ಬಂದು ಕಾಫಿ ಕುಡಿದು, ಟಿಟಿಯನ್ನು ಹೊರಡಿಸಿದಾಗ ಏಳೂಮುಕ್ಕಾಲಾಗಿತ್ತು. ರಸ್ತೆಯ ಒದ್ದೆ ಇನ್ನೂ ಆರಿರಲಿಲ್ಲ. ಅದೇ ಚಡವು, ಅದೇ ಎಲೆಗಳು, ಅದೇ ಎರಡನೆಯ ಗೇರು. ಬೇಕೆಂದೇ ಅಷ್ಟೇ ಅವಸರದಿಂದ ಒತ್ತಿದೆ. ಏನೂ ಆಗಲಿಲ್ಲ. ಈ ‘ಏನೂ ಆಗಲಿಲ್ಲ’ ಎಂಬುದನ್ನು ಓದುಗರಿಗೆ ಹೇಗೆ ತಿಳಿಸುವುದೆಂದು ನನಗೆ ಗೊತ್ತಾಗುತ್ತಿಲ್ಲ. ಯಾರೋ ಹಿಂದಿನಿಂದ ಅಂಗೈಯಿಟ್ಟು ಮೆಲ್ಲನೆ ತಳ್ಳಿದಂತೆ ಕಾರು ಮೇಲೇರಿತು, ಸ್ಟಿಯರಿಂಗಿನಲ್ಲಿ ಎಳೆತವಿಲ್ಲ, ಚಕ್ರದ ಕೆರೆತವಿಲ್ಲ. ಸ್ಟಿಯರಿಂಗಿಗೆ ಇಲ್ಲಿ ದಾರಿ ತೋರಿಸುವ ಕೆಲಸವೇ ಹೆಚ್ಚು, ಭಾರ ಎಳೆಯುವ ಚಕ್ರಗಳೊಂದಿಗೆ ಗುದ್ದಾಡುವ ಕೆಲಸ ಕಡಿಮೆ. ಆದ್ದರಿಂದ ಅದು ಹಗುರಾಗಿಯೂ ಸ್ಪಷ್ಟವಾಗಿಯೂ ಇದೆ.

ಇನ್ನೂ ದೊಡ್ಡ ವ್ಯತ್ಯಾಸ ತಿರುವಿನೊಳಕ್ಕೆ ಹೋಗುವಾಗಿನದು. ಟಿಟಿಯ ಅಚ್ಚುಗಳ ನಡುವಿನ ಅಂತರ 2,505 ಮಿಲಿಮೀಟರ್, ಇಡೀ ಕಾರಿನ ಉದ್ದ 4,177. ಅಂದರೆ ಆಕ್ಟೇವಿಯಾಗಿಂತ ಅರ್ಧ ಮೀಟರಿನಷ್ಟು ಮೊಟಕು. ಅಗಲದಲ್ಲಿ ಮಾತ್ರ ಟಿಟಿಯೇ ತುಸು ಹೆಚ್ಚು ಎಂಬುದು ಅಳತೆಪಟ್ಟಿ ನೋಡುವವರೆಗೆ ನನಗೆ ತಿಳಿದಿರಲಿಲ್ಲ. ಚಾಲಕನು ನೆಲಕ್ಕೆ ಹತ್ತಿರವಾಗಿ, ಕಾರಿನ ನಡುವಿನಲ್ಲಿ ಕುಳಿತಿರುವುದರಿಂದ, ಸ್ಟಿಯರಿಂಗನ್ನು ತಿರುಗಿಸಿದ ಕೂಡಲೇ ಕಾರು ತನ್ನ ಸೊಂಟದ ಸುತ್ತಲೇ ತಿರುಗಿತು ಎಂಬ ಭಾವನೆ ಬರುತ್ತದೆ. ಮುಂಭಾಗ ಮೊದಲು, ಹಿಂಭಾಗ ಆಮೇಲೆ ಎಂಬ ಕ್ರಮವೇ ಇಲ್ಲಿಲ್ಲ. ನಾಲ್ಕೂ ಚಕ್ರಗಳು ಒಟ್ಟಿಗೆ ಹೊರಡುತ್ತವೆ. ಕೊಟ್ಯಾಡಿಯ ಕಡೆಯ ಸುತ್ತು ದಾರಿಯಲ್ಲಿ ಎಡ, ಬಲ, ಮತ್ತೆ ಎಡ ಎಂದು ಬೆನ್ನುಬೆನ್ನಿಗೆ ಬರುವ ತಿರುವುಗಳಲ್ಲಿ ಆಕ್ಟೇವಿಯಾ ತನ್ನ ಭಾರವನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ಹೊತ್ತು ಹಾಕಿದಂತೆ ಮಾಡುತ್ತಿತ್ತು. ಟಿಟಿ ಆ ಕೆಲಸವನ್ನು ಮಾಡಿತೆಂಬುದೇ ಗೊತ್ತಾಗುವುದಿಲ್ಲ. ಇದಕ್ಕೆ ತೂಕ ಮಾತ್ರವೇ ಕಾರಣವೆಂದು ನಾನು ಹೇಳಲಾರೆ. ಟಿಟಿಯ ಬಾನೆಟ್, ಬಾಗಿಲು ಮೊದಲಾದ ಭಾಗಗಳು ಅಲ್ಯೂಮಿನಿಯಮ್ಮಿನವಾದರೂ, ಹಿಂದಿನ ಚಕ್ರಗಳಿಗೆ ಬಲ ಸಾಗಿಸುವ ದಂಡ, ಕ್ಲಚ್ಚು, ಡಿಫರೆನ್ಶಿಯಲ್ಲುಗಳು ಸೇರಿ ಉಳಿಸಿದ ಭಾರದಲ್ಲಿ ಒಂದು ಪಾಲನ್ನು ಮರಳಿ ಹೇರುತ್ತವೆ. ಭಾರ ಎಷ್ಟಿದೆ ಎಂಬುದಕ್ಕಿಂತ ಅದು ಎಷ್ಟು ತಗ್ಗಿನಲ್ಲಿ, ನಡುವಿಗೆ ಎಷ್ಟು ಹತ್ತಿರದಲ್ಲಿದೆ ಎಂಬುದೇ ಇಲ್ಲಿ ಹೆಚ್ಚು ಕೆಲಸ ಮಾಡುತ್ತದೆ.

ಟಿಟಿಯ ಈ ಚುರುಕಿಗೆ ತೆರಬೇಕಾದ ಬೆಲೆಯೂ ಆ ರಸ್ತೆಯಲ್ಲಿಯೇ ಗೊತ್ತಾಯಿತು. ತಿರುವಿನ ನಟ್ಟನಡುವೆ ನೀರಿನ ಕೊಳವೆಗಾಗಿ ಅಡ್ಡಲಾಗಿ ಅಗೆದು ಮುಚ್ಚಿದ ಒಂದು ಪಟ್ಟಿಯಿದೆ. ಮುಚ್ಚಿದ್ದು ಇಂಗಿ ಎರಡು ಇಂಚು ತಗ್ಗಾಗಿದೆ. ಆಕ್ಟೇವಿಯಾ ಅದರ ಮೇಲೆ ‘ದಡ್’ ಎಂದು ಒಂದು ಸದ್ದು ಮಾಡಿ ತನ್ನ ದಾರಿಯಲ್ಲಿ ಮುಂದುವರಿದಿತ್ತು. ಟಿಟಿಯ ಹಿಂಭಾಗ ಅದೇ ಪಟ್ಟಿಯ ಮೇಲೆ ಒಂದು ಗೇಣಿನಷ್ಟು ಪಕ್ಕಕ್ಕೆ ಹಾರಿತು. ಅಪಾಯವೇನೂ ಆಗಲಿಲ್ಲ, ಮರುಕ್ಷಣವೇ ಹಿಡಿತ ಮರಳಿತು. ಆದರೆ ಎದುರಿನಿಂದ ಬಸ್ಸು ಬರುತ್ತಿದ್ದರೆ ಆ ಒಂದು ಗೇಣು ನನಗೆ ಬಹಳ ದೊಡ್ಡದಾಗಿ ಕಾಣುತ್ತಿತ್ತು. ಗಟ್ಟಿ ಸ್ಪ್ರಿಂಗು, ಪಕ್ಕದ ಗೋಡೆ ಗಿಡ್ಡಾದ ಟೈರು, ಮೊಟಕು ದೇಹ ಮೂರೂ ಸೇರಿದರೆ ಹೀಗಾಗುವುದು ಸಹಜ. ಡೈನಾಮಿಕ್ ಎಂಬ ಚುರುಕಿನ ಕ್ರಮವನ್ನು (ಮೋಡ್) ಬಿಟ್ಟು ಕಂಫರ್ಟ್ ಎಂಬ ಹಿತದ ಕ್ರಮಕ್ಕೆ ಹಾಕಿದರೆ ಸ್ಟಿಯರಿಂಗು, ಗೇರುಗಳ ವರ್ತನೆ ಬದಲಾಗುತ್ತದೆಯೇ ಹೊರತು ಈ ಕಾರಿನಲ್ಲಿ ಸ್ಪ್ರಿಂಗಿನ ಗಡಸು ಹಾಗೆಯೇ ಉಳಿಯುತ್ತದೆ.

ಈ ಎರಡು ಓಟಗಳಿಂದ ನನಗೆ ಹೊಳೆದ, ಮೊದಲು ನಾನು ತಲೆಕೆಳಗಾಗಿ ತಿಳಿದುಕೊಂಡಿದ್ದ ಒಂದು ಸಂಗತಿಯಿದೆ. ಟಿಟಿಯಂಥ ಎರಡು ಬಾಗಿಲಿನ ಕೂಪೆಯೆಂದರೆ ವೇಗಕ್ಕೆ, ಆಕ್ಟೇವಿಯಾದಂಥ ಸೆಡಾನ್ ಎಂದರೆ ಸಾವಧಾನಕ್ಕೆ ಎಂಬುದು ಎಲ್ಲರ ಎಣಿಕೆ. ನಿಜದಲ್ಲಿ, ಮನಸ್ಸಿಗೆ ಹಿತವೆನಿಸುವ ಓಟಕ್ಕೆ ಹೆಚ್ಚಿನ ವೇಗವನ್ನು ಬೇಡುವುದು ಆಕ್ಟೇವಿಯಾ. ಗಂಟೆಗೆ ಐವತ್ತು–ಅರವತ್ತರಲ್ಲಿ ಅದು ಸಭ್ಯವಾದ, ಸ್ವಲ್ಪ ಬಿಗಿಯಾದ ಒಂದು ಮನೆಯ ಕಾರು. ಅದು ಮೈತುಂಬಿಕೊಂಡು ಮಾತಾಡಲು ಆರಂಭಿಸುವುದು ತೊಂಬತ್ತರ ಮೇಲೆ, ಅಷ್ಟು ಹೊತ್ತಿಗೆ ನಮ್ಮ ರಸ್ತೆಯೂ ಮುಗಿದಿರುತ್ತದೆ, ಕಾನೂನೂ ಮುಗಿದಿರುತ್ತದೆ. ಟಿಟಿಯಾದರೋ ನಲವತ್ತೈದರಲ್ಲಿಯೇ ತನ್ನದನ್ನೆಲ್ಲ ಬಿಚ್ಚಿಡುತ್ತದೆ. ಕೇರಳದಲ್ಲಿ 2023ರ ಜುಲೈ 1ರಿಂದ ಜಾರಿಗೆ ಬಂದ ವೇಗಮಿತಿಯ ಪ್ರಕಾರ ಕಾರುಗಳಿಗೆ ಆರು ಪಥದ ರಾಷ್ಟ್ರೀಯ ಹೆದ್ದಾರಿಯಲ್ಲಿ 110, ರಾಜ್ಯ ಹೆದ್ದಾರಿ ಮತ್ತು ಮುಖ್ಯ ಜಿಲ್ಲಾ ರಸ್ತೆಗಳಲ್ಲಿ 80, ಇತರ ರಸ್ತೆಗಳಲ್ಲಿ 70, ನಗರದೊಳಗೆ 50 ಕಿಲೋಮೀಟರ್. ಕಂಬದ ಮೇಲಿನ ಕ್ಯಾಮರಾಗಳು ಬಂದ ಮೇಲೆ ಈ ಅಂಕಿಗಳನ್ನು ನಾವು ಹಳೆಯ ಕಾಲದ ಮಗ್ಗಿಯಂತೆ ಬಾಯಿಪಾಠ ಮಾಡಿದ್ದೇವೆ. ಆ ಮಿತಿಯೊಳಗೇ ಇದ್ದುಕೊಂಡು ಓಡಿಸುವ ಸಂತೋಷ ಯಾವುದರಲ್ಲಿ ಹೆಚ್ಚು ಎಂದು ಕೇಳಿದರೆ, ನನ್ನದೇ ಕಾರಿಗೆ ದ್ರೋಹ ಬಗೆದಂತಾದರೂ, ಟಿಟಿಯಲ್ಲಿ ಎಂದೇ ಹೇಳಬೇಕು.

ಮೂರನೆಯ ದಿನ ಸಂಜೆ ತುಲಾಮಾಸದ ಗುಡುಗು ಮಳೆ ಬಂತು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಜಿಲ್ಲೆಯಲ್ಲಿ ಮಳೆಯಿಲ್ಲದ ರಸ್ತೆಯ ಮೇಲಿನ ತೀರ್ಪು ಅರ್ಧ ತೀರ್ಪು ಮಾತ್ರವಾದ್ದರಿಂದ ಎರಡನ್ನೂ ಮತ್ತೆ ಹೊರಡಿಸಿದೆ. ಮಳೆಯಲ್ಲಿ ಟಿಟಿಯ ಮೇಲುಗೈ ನಿಸ್ಸಂದೇಹ. ಚಡವಿನ ಮೇಲೆ ಕೆಂಪು ನೀರು ಹರಿಯುತ್ತಿದ್ದಾಗಲೂ ಅದು ಒಣ ರಸ್ತೆಯಂತೆಯೇ ಏರಿತು. ಆದರೆ ನಾಲ್ಕು ಚಕ್ರದ ಬಲ ಏರುವುದಕ್ಕೆ ಸಹಾಯಕವೇ ಹೊರತು ನಿಲ್ಲುವುದಕ್ಕಲ್ಲ ಎಂಬುದನ್ನು ಯಾರೂ ಮರೆಯಬಾರದು. ಬ್ರೇಕು ಒತ್ತಿದಾಗ ಎರಡೂ ಕಾರುಗಳು ನಾಲ್ಕೇ ಟೈರುಗಳ ಮೇಲೆ ನಿಲ್ಲಬೇಕು, ಮತ್ತು ಟಿಟಿ ಹತ್ತುವಾಗ ಕೊಡುವ ಧೈರ್ಯವನ್ನು ಇಳಿಯುವಾಗಲೂ ನಂಬಿದರೆ ದರೆಯ ಪಕ್ಕದ ಚರಂಡಿ ಸಿದ್ಧವಾಗಿರುತ್ತದೆ. ಆಕ್ಟೇವಿಯಾ ಏರಿನಲ್ಲಿಯೇ ಸಣ್ಣದಾಗಿ ಜಾರಿ ‘ರಸ್ತೆ ಹೀಗಿದೆ, ನೋಡು’ ಎಂದು ಮೊದಲೇ ಹೇಳಿಬಿಡುವುದರಿಂದ ಇಳಿಜಾರಿನಲ್ಲಿ ನಾನು ತಾನಾಗಿಯೇ ನಿಧಾನವಾಗುತ್ತೇನೆ.

ಹೆದ್ದಾರಿಯ ಬಗ್ಗೆ ಹೆಚ್ಚು ಬರೆಯುವುದಕ್ಕಿಲ್ಲ. ಚೆರ್ಕಳದಿಂದ ತಲಪಾಡಿಯವರೆಗಿನ ಆರು ಪಥದ ರಾಷ್ಟ್ರೀಯ ಹೆದ್ದಾರಿ 66ರಲ್ಲಿ, ಕಾಸರಗೋಡು ಪೇಟೆಯ ಮೇಲ್ಸೇತುವೆ ಹತ್ತಿಳಿದು ಹೋಗುವಾಗ, ಆಕ್ಟೇವಿಯಾವೇ ಒಳ್ಳೆಯದು. ಏಳನೆಯ ಗೇರಿನಲ್ಲಿ ಎಂಜಿನ್ ತೂಕಡಿಸುತ್ತದೆ, ಪಕ್ಕದಲ್ಲಿ ಕುಳಿತವರೊಂದಿಗೆ ದನಿಯೇರಿಸದೆ ಮಾತಾಡಬಹುದು. ಟಿಟಿಯಲ್ಲಿ ಟೈರಿನ ಮೊರೆತ ಬೆನ್ನ ಹಿಂದಿನಿಂದಲೇ ಬರುತ್ತದೆ, ಏಕೆಂದರೆ ಬೆನ್ನ ಹಿಂದೆ ತಡೆಯಲು ಹೆಚ್ಚೇನೂ ಇಲ್ಲ. ಆಕ್ಟೇವಿಯಾದ ಸ್ಪೋರ್ಟ್ ಮೋಡಿನಲ್ಲಿ ಒಳಗೆ ಕೇಳುವ ಎಂಜಿನ್ನಿನ ಗರ್ಜನೆಯಲ್ಲಿ ಒಂದು ಪಾಲು ಕೃತಕವೆಂಬುದು ಗೊತ್ತಾದಂದಿನಿಂದ ನಾನು ಆ ಸದ್ದನ್ನು ತಗ್ಗಿಸಿಯೇ ಓಡಿಸುತ್ತಿದ್ದೇನೆ. ಎರಡಕ್ಕೂ 95 ಆಕ್ಟೇನಿನ ಪೆಟ್ರೋಲು ಹಿತ. ಗಡಿನಾಡಿನ ಎಲ್ಲರಂತೆ ನಾನೂ ತಲಪಾಡಿ ದಾಟಿ, ಲೀಟರಿಗೆ ಕೆಲವು ರೂಪಾಯಿ ಉಳಿಯುವ ಕರ್ನಾಟಕದ ಬದಿಯಲ್ಲಿ ಟ್ಯಾಂಕು ತುಂಬಿಸಿಕೊಂಡು ಬಂದೆ. ಅದಕ್ಕಾಗಿ ಅಷ್ಟು ದೂರ ಓಡಿಸಿದ ಪೆಟ್ರೋಲಿನ ಲೆಕ್ಕವನ್ನು ನಮ್ಮಲ್ಲಿ ಯಾರೂ ಹಾಕುವ ಪದ್ಧತಿಯಿಲ್ಲ.

ಇನ್ನು ಸಂಸಾರದ ಪ್ರಶ್ನೆ. ಟಿಟಿಯಲ್ಲಿ ಹಿಂದೆ ಎರಡು ಆಸನಗಳಿವೆ ಎಂದು ದಾಖಲೆಯಲ್ಲಿದೆ. ಮಧೂರು ದೇವಸ್ಥಾನಕ್ಕೆ ಹೋಗುವ ದಿನ, ಪ್ರಯೋಗಕ್ಕಾಗಿಯೇ ಎಂದು ಹೇಳಿ, ಹತ್ತನೆಯ ತರಗತಿಯ ಮಗಳನ್ನು ಅಲ್ಲಿ ಕೂರಿಸಿದೆ. ಹಿಂದಿನ ಗಾಜಿನ ಬಾಗಿಲು ಮುಚ್ಚುವಾಗ ಅವಳು ತಲೆಯನ್ನು ಪಕ್ಕಕ್ಕೆ ವಾಲಿಸಬೇಕಾಯಿತು, ಮತ್ತು ಬದಿಯಡ್ಕ ತಲುಪುವ ಮೊದಲೇ ಅಮ್ಮನಿದ್ದ ಆಕ್ಟೇವಿಯಾಗೆ ದಾಟಿಕೊಂಡಳು. ಅತ್ತೆಯವರು ಟಿಟಿಯ ಮುಂದಿನ ಆಸನವನ್ನು ಬಾಗಿಲಿನಿಂದಲೇ ನೋಡಿ, ಇದರಲ್ಲಿ ಕೂರುವುದು ಹೇಗಾದರೂ ಆದೀತು, ಏಳಿಸುವುದು ಯಾರೆಂದು ಕೇಳಿದರು. ಆಕ್ಟೇವಿಯಾ ಹೆಸರಿಗೆ ಸೆಡಾನ್ ಆದರೂ ಹಿಂಬಾಗಿಲು ಗಾಜಿನ ಸಮೇತ ಮೇಲೇಳುತ್ತದೆ. 590 ಲೀಟರಿನ ಡಿಕ್ಕಿಯಲ್ಲಿ ಎರಡು ಬಾಳೆಗೊನೆ, ಒಂದು ಎಣ್ಣೆಯ ಡಬ್ಬ, ಪೂಜೆಯ ಸಾಮಾನಿನ ಬುಟ್ಟಿ ಇಟ್ಟರೂ ಜಾಗ ಉಳಿದಿತ್ತು. ಟಿಟಿಯದು 305 ಲೀಟರು. ಒಬ್ಬರ ಪ್ರಯಾಣಕ್ಕೆ ಧಾರಾಳ. ಒಂದು ಸೂಕ್ಷ್ಮವನ್ನು ಇಲ್ಲಿಯೇ ಹೇಳಬೇಕು: ಆಕ್ಟೇವಿಯಾದಲ್ಲಿ ಐದು ಜನ ಕುಳಿತು ಡಿಕ್ಕಿಯೂ ತುಂಬಿದರೆ ಹಿಂಭಾಗ ಕುಗ್ಗಿ ಮೂತಿ ಎದ್ದು, ಮೊದಲೇ ಹೇಳಿದ ಏರಿನ ಕೆರೆತ ಇನ್ನಷ್ಟು ಹೆಚ್ಚುತ್ತದೆ. ಹೊಗಳಿಸಿಕೊಳ್ಳುವ ಡಿಕ್ಕಿಯನ್ನು ತುಂಬಿದಾಗಲೇ ಅದರ ಮುಂದಿನ ಚಕ್ರಗಳ ಬಡತನ ಕಾಣುತ್ತದೆ.

ನೆಲದಿಂದ ಎತ್ತರದ ವಿಷಯದಲ್ಲಿ ಎರಡೂ ನಮ್ಮ ಹಂಪುಗಳಿಗೆ ಹೇಳಿಸಿದವಲ್ಲ. ಆರ್‌ಎಸ್ ಸಾಮಾನ್ಯ ಆಕ್ಟೇವಿಯಾಗಿಂತ ತಗ್ಗಾಗಿದೆ, ಮತ್ತು ಅಚ್ಚುಗಳ ನಡುವೆ ಉದ್ದವಿರುವುದರಿಂದ ಎತ್ತರದ ಹಂಪಿನ ಮೇಲೆ ಅದರ ಹೊಟ್ಟೆ ತಾಗುತ್ತದೆ. ಟಿಟಿಯದು ಮೊಟಕು ಹೊಟ್ಟೆಯಾದುದರಿಂದ ತಾಗುವುದು ಮೂತಿಯ ಕೆಳಗಿನ ಅಂಚು. ನಮ್ಮ ಮನೆಯ ದಣಪೆಯ ಹತ್ತಿರ ಕೆಂಪುಕಲ್ಲು ಹಾಸಿದ ಕಡಿದಾದ ಏರನ್ನು ಆಕ್ಟೇವಿಯಾ ಓರೆಯಾಗಿ ಹತ್ತಿದರೆ ತಾಗದೆ ಬರುತ್ತದೆ ಎಂಬುದನ್ನು ಮೂರು ಗೀರುಗಳ ಬಳಿಕ ಕಲಿತಿದ್ದೆ. ಟಿಟಿಯನ್ನು ಮೊದಲ ದಿನವೇ ಎರಡು ಅಡಿಕೆ ಮರದ ಸಲಾಕೆಗಳನ್ನು ಇಟ್ಟು ಹತ್ತಿಸಿದೆ. ಪರರ ಸೊತ್ತು ಎಂಬ ಭಯ ಒಳ್ಳೆಯ ಗುರು.

ಹಳೆಯದನ್ನು ಕೊಳ್ಳುವವರು ಗಮನಿಸಬೇಕಾದ ಒಂದೆರಡು ವಿಷಯಗಳಿವೆ. ಎಣ್ಣೆಯಲ್ಲಿ ಮುಳುಗಿದ ಈ ಗೇರ್‌ಬಾಕ್ಸುಗಳ ಎಣ್ಣೆಯನ್ನೂ ಸೋಸುಕವನ್ನೂ ಬದಲಾಯಿಸಿದ ದಾಖಲೆಯನ್ನು ಕೇಳಿ ನೋಡಬೇಕು. ಟಿಟಿಯ ಆರು ಗೇರಿನದಕ್ಕೆ 60,000 ಕಿಲೋಮೀಟರಿಗೊಮ್ಮೆ ಎಂಬುದು ನಿಯಮ. ಕ್ವಾಟ್ರೊದ ಹಿಂದಿನ ಕ್ಲಚ್ಚಿಗೆ ಬೇರೆಯೇ ಎಣ್ಣೆಯಿದೆ, ಅದನ್ನು ಬದಲಾಯಿಸಬೇಕೆಂಬುದು ಮಾರುವವರಿಗೂ ಅನೇಕ ವೇಳೆ ತಿಳಿದಿರುವುದಿಲ್ಲ. ಭಾವನಿಗೆ ಕಾರು ಮಾರಿದ ವ್ಯಾಪಾರಿ ಎಲ್ಲ ಕಾಗದಗಳೂ ಸರಿಯಿವೆ ಎಂದಿದ್ದರು. ಕಾಗದಗಳು ಸರಿಯಿದ್ದವು, ಆ ಎಣ್ಣೆಯ ಕಾಗದ ಮಾತ್ರ ಅದರಲ್ಲಿರಲಿಲ್ಲ. ಅನ್ಯರಾಜ್ಯದ ಕಾರನ್ನು ತಂದು ಕೇರಳದ ತೆರಿಗೆ ಕಟ್ಟಿ ನಂಬರು ಬದಲಾಯಿಸುವ ಖರ್ಚನ್ನು ಕೊಳ್ಳುವ ಬೆಲೆಯೊಂದಿಗೇ ಕೂಡಿಸಿಕೊಳ್ಳಬೇಕು, ಇಲ್ಲದಿದ್ದರೆ ಅಗ್ಗಕ್ಕೆ ಸಿಕ್ಕಿತೆಂಬ ಸಂತೋಷ ಆರ್‌ಟಿಒ ಕಚೇರಿಯವರೆಗೆ ಮಾತ್ರ.

ಮನೆಗೆ ಒಂದೇ ಕಾರು ಎಂದಾದರೆ ಆಕ್ಟೇವಿಯಾವೇ ನನ್ನ ಆಯ್ಕೆ. ಅದನ್ನು ಮಾರಿ ಟಿಟಿ ಕೊಳ್ಳುವ ವಿಚಾರ ನನಗಿಲ್ಲ. ಮನೆಯಲ್ಲಿ ಬೇರೊಂದು ಕಾರು ಇದ್ದು, ಬೆಳಗಿನ ಹೊತ್ತು ಬಿಡುವಿದ್ದು, ಮೊಣಕಾಲು ಚೆನ್ನಾಗಿರುವವರು ಟಿಟಿಯನ್ನು ಒಮ್ಮೆ ಓಡಿಸದೆ ಇರಬಾರದು. ಭಾವ ಹಿಂದಿರುಗಿದ ದಿನ ನನ್ನ ಕಾರನ್ನು ಅದೇ ರಸ್ತೆಯಲ್ಲಿ ಓಡಿಸಿ ನೋಡಿ ತನ್ನ ತೀರ್ಪನ್ನೂ ಕೊಟ್ಟ: ‘ಭಾವ, ನಿನ್ನ ಕಾರಿನಲ್ಲಿ ಊಟಕ್ಕೆ ಹೋಗಬಹುದು, ಹಸಿವಾಗುವಂತೆ ಮಾಡುವುದು ನನ್ನದು.’ ನಾನು ಆ ಮಾತನ್ನು ಒಪ್ಪಲಿಲ್ಲ. ಟೈರುಗಳನ್ನು ಬಗ್ಗಿ ನೋಡಿದ್ದು ಆಮೇಲೆ. ಅವನವು ಓಣಂ ಹೊತ್ತಿಗೆ ಹಾಕಿಸಿದ ಹೊಸವು, ನನ್ನವು ಮೂವತ್ತು ಸಾವಿರ ಕಿಲೋಮೀಟರ್ ಓಡಿ ಒಳಬದಿ ಸವೆದವು. ಆದೂರಿನ ಚಡವಿನಲ್ಲಿ ಕೆರೆದದ್ದರಲ್ಲಿ ಎಷ್ಟು ಪಾಲು ಕಾರಿನದು, ಎಷ್ಟು ಪಾಲು ಟೈರಿನದು ಎಂಬ ವಾದ ಅಂಗಳದಲ್ಲಿ ಕತ್ತಲಾಗುವವರೆಗೂ ನಡೆಯಿತು. ಮುಂದಿನ ವಾರ ಮಂಗಳೂರಿಗೆ ಹೋಗಿ ಹೊಸ ಟೈರು ಹಾಕಿಸಿಕೊಂಡು ಬರುತ್ತೇನೆ. ಅದಾದ ಮೇಲಿನ ಮೊದಲ ಒದ್ದೆ ಬೆಳಗ್ಗೆ ಅದೇ ಚಡವಿನಲ್ಲಿ ಮತ್ತೊಮ್ಮೆ ನೋಡುವುದೆಂದು ನಿಶ್ಚಯವಾಗಿದೆ.